ಹಗೇವಿನ ಬಾಯಿಯ ಮೇಲೆ ಹೂಡಿದ ಒರಳು

ಪೆಟ್ಟು ಬಿದ್ದದ್ದು ಬಾಡಿಗೆಗಿದ್ದ ಹೆಣ್ಣುಮಗಳಿಗೆ. ಮನೆ ನಮ್ಮ ಅತ್ತೆಯದು, ನೆಲದೊಳಗಿನ ಜೋಳ ಅತ್ತೆಯದು, ಅದನ್ನು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಡುವ ಉಪಾಯ ನಮ್ಮ ಕಾಕಾನದು, ಮುಚ್ಚಿದ ಜಾಗದ ಮೇಲೆ ಸೆಗಣಿ ಸಾರಿಸಿ ರಂಗೋಲಿ ಎಳೆದ ಕೈ ನನ್ನದು. ಆದರೆ ಹದಿನೆಂಟು ದಿನ ಒಂದೇ ಮಣ್ಣಿನ ಗಡಿಗೆಯಲ್ಲಿ ನುಚ್ಚು ಕುದಿಸಿಕೊಂಡು, ತನ್ನ ಹಂಡೆ, ಬಾಣಲೆ, ಒನಕೆಗಳು ಮತ್ತೊಬ್ಬರ ಕೋಣೆಯಲ್ಲಿ ಬೀಗದೊಳಗಿದ್ದುದನ್ನು ಹೋಗುತ್ತ ಬರುತ್ತ ನೋಡಿ ಬದುಕಿದವಳು ಅವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಈ ಸಂಗತಿಯನ್ನು ನಮ್ಮ ಬಂಧುಬಳಗದಲ್ಲಿ ಇಂದಿಗೂ ‘ಅತ್ತೆಯ ಜೋಳ ಕೆಟ್ಟ ಕಥೆ’ ಎಂದೇ ಹೇಳುತ್ತಾರೆ, ಮತ್ತು ಆ ಹೆಸರೇ ಒಂದು ಅನ್ಯಾಯ.

ಅದು ಯುದ್ಧದ ಕಾಲ. ನಾನು ಧಾರವಾಡದ ಕಡೆ ಒಂದು ರಾಷ್ಟ್ರೀಯ ಶಾಲೆಯಲ್ಲಿ ಓದು ಮುಗಿಸಿ ಯಲಬುರ್ಗಾಕ್ಕೆ ಬಂದು ಅತ್ತೆಯ ಮನೆಯಲ್ಲಿದ್ದೆ. ಮಧ್ಯಾಹ್ನ ಓಣಿಯ ಹುಡುಗಿಯರಿಗೆ ಅಕ್ಷರ ಹೇಳಿಕೊಡುತ್ತಿದ್ದೆ, ಸಂಜೆ ನೂಲುತ್ತಿದ್ದೆ, ಯಾರಾದರೂ ಕೇಳುವವರು ಸಿಕ್ಕರೆ ಹೊಲದೊಡೆಯರ ದಬ್ಬಾಳಿಕೆಯ ಮೇಲೆ ಭಾಷಣ ಮಾಡುತ್ತಿದ್ದೆ. ಮನೆಯೊಡೆತನವೂ ಒಂದು ಒಡೆತನ, ಅದಕ್ಕೂ ದಬ್ಬಾಳಿಕೆ ಗೊತ್ತು ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ನಾನು ಉಣ್ಣುತ್ತಿದ್ದ ರೊಟ್ಟಿಯಲ್ಲಿ ಅರ್ಧ ಬಾಡಿಗೆಯಿಂದ ಬರುತ್ತಿತ್ತು.

ಅತ್ತೆಗೆ ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಗಂಡ ಬಿಟ್ಟುಹೋದದ್ದು ಆ ಮನೆ ಮತ್ತು ಊರ ಹೊರಗೆ ಒಂದಿಷ್ಟು ಎರೆಹೊಲ. ಹೊಲವನ್ನು ಪಾಲಿಗೆ ಹಾಕಿದ್ದಳು, ಮನೆಯ ಮುಂಭಾಗವನ್ನು ಬಾಡಿಗೆಗೆ ಕೊಡುತ್ತಿದ್ದಳು. ವ್ಯವಹಾರವೆಲ್ಲ ಅವಳ ತಮ್ಮ, ಅಂದರೆ ನನ್ನ ಕಾಕಾ, ಪಕ್ಕದ ಓಣಿಯಿಂದ ಬಂದು ನೋಡಿಕೊಳ್ಳುತ್ತಿದ್ದ. ಕೆಟ್ಟವನೇನಲ್ಲ. ವಿಧವೆಯಾದ ಅಕ್ಕನ ವಸ್ತುವೊಂದು ಕೈತಪ್ಪಿದರೆ ಊರು ತನ್ನನ್ನು ಆಡಿಕೊಳ್ಳುತ್ತದೆ ಎಂಬ ಹೆದರಿಕೆ ಅವನಿಗಿತ್ತು. ಆ ಹೆದರಿಕೆ ಹೊರಗೆ ಬರುವಾಗ ಮಾತ್ರ ಯಾವಾಗಲೂ ದರ್ಪದ ವೇಷದಲ್ಲೇ ಬರುತ್ತಿತ್ತು.

ಅಂಗಳದ ನಡುವೆ ಒಂದು ಹಗೇವು ಇತ್ತು. ನಮ್ಮ ಕಡೆ ಹಗೇವೆಂದರೆ ಏನೆಂದು ಯಾರೂ ಯಾರಿಗೂ ವಿವರಿಸುವುದಿಲ್ಲ. ಅದೇ ನಮ್ಮ ತಪ್ಪು, ಆದ್ದರಿಂದ ನಾನು ವಿವರಿಸುತ್ತೇನೆ. ನೆಲದೊಳಗೆ ಹಂಡೆಯಾಕಾರದಲ್ಲಿ ತೋಡಿದ ಗುಂಡಿ ಅದು. ಆಳು ಮುಳುಗುವಷ್ಟು ಆಳ, ಬಾಯಿ ಮಾತ್ರ ಒಬ್ಬರು ಇಳಿಯುವಷ್ಟು ಕಿರಿದು. ಒಳಗೋಡೆಗೆ ಜೋಳದ ದಂಟಿನ ಕಣಿಕೆ, ಹೊಟ್ಟು ಒತ್ತಿ ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಾರೆ. ನೀರು ಸೋಕದಿದ್ದರೆ ಜೋಳ ವರ್ಷಗಟ್ಟಲೆ ಇರುತ್ತದೆ. ಒಮ್ಮೆ ಬಾಯಿ ತೆರೆದರೆ ಅರ್ಧಕ್ಕೆ ಬಿಡುವಂತಿಲ್ಲ, ಪೂರ್ತಿ ತೋಡಿ ಬರಿದು ಮಾಡಬೇಕು. ಯಾರ ಅಂಗಳದಲ್ಲಿ ಹಗೇವಿನ ಬಾಯಿ ಎಲ್ಲಿದೆ ಎಂಬುದು ಇಡೀ ಓಣಿಗೆ ತಿಳಿದಿರುತ್ತದೆ. ಎತ್ತಿನ ಬಂಡಿ ಸಹ ಸುತ್ತುಹಾಕಿಕೊಂಡು ಹೋಗುತ್ತದೆ.

ಆದರೆ ಆ ವರ್ಷ ಸರಕಾರ ಲೇವಿ ಎತ್ತುತ್ತಿತ್ತು. ಬೆಳೆದವರು ಇಷ್ಟು ಧಾನ್ಯ ಸರಕಾರಕ್ಕೆ ಅಳೆದುಕೊಡಬೇಕೆಂಬ ಹುಕುಂ ಅದು. ಕಾಕಾ ಅತ್ತೆಯ ಜೋಳವನ್ನು ತೋರಿಸಲಿಲ್ಲ. ಹಗೇವನ್ನು ಅರ್ಧದವರೆಗೆ ತುಂಬಿಸಿ, ಹಾಸುಗಲ್ಲನ್ನು ಅಂಗಳದ ಸಮಕ್ಕೆ ಇಳಿಸಿ, “ಚಂದಂಗ ಸಾರಿಸಿಬಿಡವಾ, ಗುರುತು ಸಿಗಬಾರದು” ಎಂದು ನನಗೆ ಹೇಳಿದ. ನಾನು ಸಾರಿಸಿದೆ. ಬಹಳ ಚಂದವಾಗಿಯೇ ಸಾರಿಸಿದೆ. ಸತ್ಯದ ಮೇಲೆ ಪಾಠ ಹೇಳಿಸಿಕೊಂಡು ಬಂದವಳು ಸುಳ್ಳಿನ ಮೇಲೆ ರಂಗೋಲಿ ಹಾಕಿ, ಎದ್ದು ಕೈ ತೊಳೆದುಕೊಂಡೆ.

ಶ್ರಾವಣದಲ್ಲಿ ಬಾಡಿಗೆಯವರು ಬಂದರು. ಗಂಡಹೆಂಡತಿ ಇಬ್ಬರೇ. ಗಂಗಾವತಿಯ ಆಚೆ ಸಿದ್ದಾಪುರದ ಭತ್ತದ ಸೀಮೆಯವರು. ಅವಲಕ್ಕಿ ಕುಟ್ಟುವುದು ಅವರ ಕಸುಬು. ಜೋಳದ ಊರಿನಲ್ಲಿ ಅವಲಕ್ಕಿಗೆ ಬೆಲೆ ಹೆಚ್ಚೆಂದು ಭತ್ತದ ಚೀಲಗಳನ್ನು ಬಂಡಿಗೆ ಹೇರಿಕೊಂಡು ಯಲಬುರ್ಗಾಕ್ಕೆ ಬಂದಿದ್ದರು. ಹೆಂಡತಿ ಗಟ್ಟಿಮುಟ್ಟಾದ ಹೆಂಗಸು, ನಗುವಾಗ ಇಡೀ ಅಂಗಳಕ್ಕೆ ಕೇಳುತ್ತಿತ್ತು. ಓಣಿಯವರು ವಾರದೊಳಗೆ ಅವಳನ್ನು ‘ಅವಲಕ್ಕಿ ಅಕ್ಕ’ ಎಂದು ಕರೆಯತೊಡಗಿದರು. ಗಂಡ ಮಾತು ಕಡಿಮೆ, ಹೆಗಲ ಮೇಲೆ ಚೀಲ ಹೊತ್ತು ಸಂತೆಯಿಂದ ಸಂತೆಗೆ ತಿರುಗುವವನು.

ಕಾಕಾ ಕೀಲಿಕೈ ಕೊಡುವಾಗ ಹೇಳಿದ್ದಿಷ್ಟೆ: “ಮನಿ ಛಲೋ ಇಟಗೋರಿ. ಗ್ವಾಡಿಗೆ ಮೊಳಿ ಹೊಡೀಬ್ಯಾಡ್ರಿ. ಅಂಗಳ ನಿಮ್ದ ಅಂತ ತಿಳಕೋರಿ.”

ಅಂಗಳ ತಮ್ಮದೆಂದು ತಿಳಿದುಕೊಂಡರು. ಅವಳು ಅಂಗಳವನ್ನೆಲ್ಲ ಕಾಲಿನಿಂದ ಒತ್ತಿ ನೋಡಿ, ಎಲ್ಲಕ್ಕಿಂತ ಗಟ್ಟಿಯಾದ, ಸಮತಟ್ಟಾದ ಜಾಗವನ್ನು ಆರಿಸಿ, ಅಲ್ಲಿ ತನ್ನ ಕಲ್ಲಿನ ಒರಳನ್ನು ಹೂಡಿದಳು. ಪಕ್ಕದಲ್ಲೇ ಭತ್ತ ನೆನೆಹಾಕುವ ತಾಮ್ರದ ಹಂಡೆ. ನೆನೆದ ಭತ್ತವನ್ನು ಬಸಿದು, ಬಾಣಲೆಯಲ್ಲಿ ಹುರಿದು, ಬಿಸಿ ಇರುವಾಗಲೇ ಒರಳಿಗೆ ಸುರಿದು ಕುಟ್ಟುತ್ತಿದ್ದಳು. ಬಸಿದ ನೀರು ಹರಿದುಹೋಗಲೆಂದು ಗಂಡ ಸಣ್ಣ ಕಾಲುವೆಯೊಂದನ್ನೂ ತೋಡಿದ. ಅದು ಒರಳಿನ ಸುತ್ತ ಒಂದು ಬಳಸು ಬಳಸಿ ಹೊರಗೆ ಹೋಗುತ್ತಿತ್ತು. ವಾಸಕ್ಕೆಂದು ಹಿಡಿದ ಮನೆಯಲ್ಲಿ ಕೇಳದೆ ಕಸುಬು ಹೂಡಿದ್ದು, ಕೇಳದೆ ಅಂಗಳ ಅಗೆದದ್ದು ಅವರ ತಪ್ಪು. ತಪ್ಪುಗಳ ಹೆಸರು ಹೇಳಲು ಹೊರಟ ಮೇಲೆ ಅದನ್ನೂ ಹೇಳಬೇಕು.

ನಾನು ಅದನ್ನು ದಿನವೂ ನೋಡಿದೆ. ಅತ್ತೆಯೂ ನೋಡಿದಳು. ಒಂದೆರಡು ಸಲ ಅತ್ತೆ ಕಾಕಾನಿಗೆ, “ಅಲ್ಲಿ ಕುಟ್ಟಬ್ಯಾಡ ಅಂತ ಹೇಳೋಣೇನೋ?” ಎಂದಳು.

“ಯಾಕ ಅಂತ ಕೇಳಿದ್ರ ಏನಂತಿ?” ಎಂದ ಕಾಕಾ. “ಸಂತಿ ಸಂತಿ ತಿರುಗೋ ಮಂದಿ. ಇವತ್ತು ಅವರಿಗೆ ಗೊತ್ತಾದ್ರ, ನಾಳೆ ಕುಷ್ಟಗಿ ಸಂತ್ಯಾಗ ಗೊತ್ತಾಕ್ಕೈತಿ. ಕಲ್ಲು ಗಟ್ಟಿ ಐತಿ, ಸುಮ್ಕಿರು.”

ಅತ್ತೆ ಸುಮ್ಮನಾದಳು. ನಾನೂ ಸುಮ್ಮನಾದೆ. ಶ್ರಾವಣದಿಂದ ದೀಪಾವಳಿಯವರೆಗೆ ಆ ಒನಕೆ ಅತ್ತೆಯ ಜೋಳದ ತಲೆಯ ಮೇಲೆ ಧಬ್ ಧಬ್ ಎಂದು ಬೀಳುತ್ತಲೇ ಇತ್ತು. ಹಬ್ಬಕ್ಕೆ ಅವಳು ತಂದುಕೊಟ್ಟ ಅವಲಕ್ಕಿಯನ್ನು ನಾವು ಮೊಸರು ಕಲಸಿ ತಿಂದೆವು.

ಮಾರ್ಗಶಿರದ ಒಂದು ಮುಂಜಾನೆ ಸದ್ದು ಬದಲಾಯಿತು. ಧಬ್ ಎನ್ನುವ ಬದಲು ‘ಕಟಕ್’ ಎಂದಿತು.

“ಅಮ್ಮಾ, ಲಗೂ ಬರ್ರಿ! ನೆಲ ಕುಂತೈತಿ ನೋಡ್ರಿ!” ಎಂದು ಅವಳು ಕೂಗಿದಳು.

ಓಡಿಹೋಗಿ ನೋಡಿದರೆ ಒರಳು ಒಂದು ಕಡೆ ವಾಲಿತ್ತು. ಸೆಗಣಿ ಸಾರಿಸಿದ ನೆಲ ಬಿರಿದು, ಅದರಡಿಯ ಹಾಸುಗಲ್ಲು ಸೀಳಿ, ಒಂದು ಅಂಚು ಗೇಣುದ್ದ ಕುಸಿದಿತ್ತು. ಸೀಳಿನಿಂದ ಹುಳಿತ, ಬೆಚ್ಚನೆಯ ವಾಸನೆ ಬರುತ್ತಿತ್ತು. ಅತ್ತೆ ಬಗ್ಗಿ ಮೂಸಿದಳು, ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. “ಹೋತು. ನನ್ನ ಜೋಳ ಹೋತು.”

“ಯಾವ ಜೋಳರೀ?” ಎಂದಳು ಅವಲಕ್ಕಿ ಅಕ್ಕ. “ಇಲ್ಲಿ ಇರೂದು ನನ್ನ ಭತ್ತ.”

ಕಾಕಾ ಸುದ್ದಿ ಕೇಳಿ ಚಪ್ಪಲಿ ಇಲ್ಲದೆ ಓಡಿಬಂದ. “ಕಣ್ಣು ಎಲ್ಲಿ ಇಟ್ಟಿದ್ದಿ? ಹಗೇವಿನ ಬಾಯಿ ಮ್ಯಾಲ ಯಾರರ ಒಳ್ಳು ಹೂಡ್ತಾರೇನು?”

“ಹಗೇವು ಅಂದ್ರ ಏನ್ರೀ ಯಜಮಾನ್ರ?”

“ನನಗ ಚಾಷ್ಟಿ ಮಾಡ್ತಿಯೇನು?”

ಚೇಷ್ಟೆ ಅಲ್ಲ. ಹೊಳೆಗೆ ಹತ್ತಿರದ ಆ ಗದ್ದೆಯ ಸೀಮೆಯಲ್ಲಿ ನೆಲ ಅಗೆದರೆ ನೀರು. ಅಲ್ಲಿ ಭತ್ತವನ್ನು ಬಿದಿರಿನ ಕಣಜದಲ್ಲಿ, ನೆಲಕ್ಕಿಂತ ಎತ್ತರದಲ್ಲಿ ಇಡುತ್ತಾರೆ. ಧಾನ್ಯವನ್ನು ಹೂಳುವವರೂ ಇದ್ದಾರೆ ಎಂಬುದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಮಗೋ, ಗೊತ್ತಿಲ್ಲದವರು ಇರಬಹುದೆಂಬುದೇ ಗೊತ್ತಿರಲಿಲ್ಲ.

ಕಾಕಾ ಆಕೆಯ ಗಂಡನಿಗೆ ಹೇಳಿದ: “ನಷ್ಟ ತುಂಬಿಕೊಡೂ ಮಟ ನಿಮ್ಮ ಸಾಮಾನು ನಮ್ಮ ಹಂತ್ಯಾಕ ಇರ್ತಾವ.” ಅವನು ಬಾಯಿ ತೆರೆಯುವ ಮೊದಲೇ ಹಂಡೆಯನ್ನೂ ಬಾಣಲೆಯನ್ನೂ ಒಳಕ್ಕೆ ಸಾಗಿಸಿದ. ಕೊನೆಗೆ ಒನಕೆಯನ್ನೂ ಎತ್ತಿಕೊಂಡ. ಅತ್ತೆಯ ಉಗ್ರಾಣದ ಕೋಣೆಗೆ ಹಾಕಿ ಬೀಗ ಜಡಿದು, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಕೋಣೆಯ ಬಾಗಿಲಿಗೆ ಸರಳುಗಳಿದ್ದವು. ಹೊರಗಿನಿಂದ ಹಂಡೆ ಕಾಣುತ್ತಿತ್ತು.

ಇದು ಕಾಕಾ ಕಂಡುಹಿಡಿದ ರೀತಿಯಲ್ಲ. ಕೊಪ್ಪಳದ ಕಡೆಯ ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಮನೆಯೊಡೆಯನಿಗೆ ನಷ್ಟವಾದರೆ ಮೊದಲು ಕೈ ಹೋಗುತ್ತಿದ್ದದ್ದು ಬಾಡಿಗೆಯವರ ಅಡಿಗೆಮನೆಗೆ. ಕುಷ್ಟಗಿಯಲ್ಲಿ ಒಬ್ಬ ಒಡೆಯ ಬಾಗಿಲ ಹಲಗೆಗಳನ್ನೇ ಕಳಚಿಕೊಂಡು ಹೋಗಿದ್ದನ್ನು ನಾನೇ ಕಂಡಿದ್ದೇನೆ. ಆ ಮನೆಯವರು ಬಾಗಿಲ ಚೌಕಟ್ಟಿಗೆ ಕಂಬಳಿ ಕಟ್ಟಿಕೊಂಡು ಚಳಿ ಕಳೆದರು. ಬಾವಿಯ ಹಗ್ಗ ಮುಟ್ಟಗೊಡದ ಒಡೆಯರಿದ್ದರು. ತೊಟ್ಟಿಲನ್ನು ಒತ್ತೆ ಹಿಡಿದವರಿದ್ದರು. ಯಾರೂ ಇದನ್ನು ಕಳವು ಎನ್ನುತ್ತಿರಲಿಲ್ಲ, ‘ವಸೂಲಿ’ ಎನ್ನುತ್ತಿದ್ದರು. ಕಳವು ಎನ್ನಬೇಕಿದ್ದ ನಾನೂ ಆ ದಿನ ಅನ್ನಲಿಲ್ಲ. ಅತ್ತೆಯ ಮುಖ ನೋಡಿದೆ. ಎರಡು ವರ್ಷದ ರೊಟ್ಟಿ ಆ ಗುಂಡಿಯಲ್ಲಿತ್ತು.

ಗಂಡ ಮರುದಿನ ಸಿದ್ದಾಪುರಕ್ಕೆ ಹೊರಟ, ಅಣ್ಣಂದಿರ ಹತ್ತಿರ ಏನಾದರೂ ಹುಟ್ಟೀತೇ ಎಂದು. ಹೆಂಡತಿ ಉಳಿದಳು. ಹಂಡೆ ಇಲ್ಲದೆ ಭತ್ತ ನೆನೆಯುವುದಿಲ್ಲ, ಒನಕೆ ಇಲ್ಲದೆ ಅವಲಕ್ಕಿಯಾಗುವುದಿಲ್ಲ. ಕುಂಬಾರರ ಮನೆಯಿಂದ ಒಂದು ಗಡಿಗೆ ತಂದು ನುಚ್ಚು ಕುದಿಸಿದಳು. ನಷ್ಟ ತುಂಬಲು ಬೇಕಾದ ದುಡಿಮೆಯನ್ನೇ ಕಟ್ಟಿಹಾಕಿ ನಷ್ಟ ತುಂಬು ಎನ್ನುವುದು ಎಂಥ ಬುದ್ಧಿಗೇಡಿತನವೆಂದು ಹೇಳಲು ಶಾಲೆಯ ಓದು ಬೇಕಿರಲಿಲ್ಲ. ಅವಳೇ ಹೇಳಿದಳು, ಬಾವಿಯ ಹತ್ತಿರ, ನಗುನಗುತ್ತಲೇ: “ನಿಮ್ಮ ಕಾಕಾ ಆಕಳ ಕಾಲು ಕಟ್ಟಿ, ಮೇಯಾಕ ಹೋಗು ಅಂತಾರ ನೋಡವ್ವ.”

ಅಷ್ಟರಲ್ಲಿ ಕಾಕಾ ಕೊಪ್ಪಳದ ಕಚೇರಿಗೆ ಅರ್ಜಿ ಕೊಡುವೆನೆಂದು ಹೊರಟ. ಅಕ್ಷರ ಬಲ್ಲವಳೆಂದು ನನ್ನನ್ನೂ ಕರೆದುಕೊಂಡ. ಕಚೇರಿಯ ಅಕ್ಷರ ಉರ್ದು, ನನಗೆ ಬರುತ್ತಿದ್ದದ್ದು ಕನ್ನಡ. ಆದರೂ ಹೋದೆ. ಆಗ ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ಓಡಿಸುವ ಮೋಟಾರು ಬಂದಿತ್ತು. ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕು. ಕಾಕಾ ಪೇಟ ತೆಗೆದು ನನ್ನ ಕೈಗೆ ಕೊಟ್ಟು, “ರೊಕ್ಕ ಕೊಟ್ಟು ದುಡೀಬೇಕು” ಎಂದು ಗೊಣಗುತ್ತ ತಳ್ಳಿದ.

ಕೋಟೆ ಬೆಟ್ಟದ ಕೆಳಗೆ, ಬೇವಿನ ಮರದಡಿ, ಅರ್ಜಿ ಬರೆಯುವ ಒಬ್ಬ ಮುದುಕ ಕುಳಿತಿದ್ದ. ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ದಾರ ಕಟ್ಟಿ ಕಿವಿಗೆ ಸಿಕ್ಕಿಸಿಕೊಂಡಿದ್ದ. ಕಾಕಾ ಎಲ್ಲವನ್ನೂ ಹೇಳಿದ. ಮುದುಕ ಲೇಖನಿ ಅದ್ದಿ ಕಾದ.

“ನುಕ್ಸಾನು ಏನಾಗೈತ್ರೀ?”

“ಜೋಳರಿ.”

“ಎಷ್ಟು ಜೋಳ?”

ಕಾಕಾ ಕೆಮ್ಮಿದ. “ಒಂದ್ ಹಗೇವು.”

“ಹಗೇವು ತುಂಬ. ಛಲೋ. ಲೇವಿ ಕೊಟ್ಟ ಪಾವತಿ ತಂದೀರೇನು?”

ಕಾಕಾ ಬೇವಿನ ಮರ ನೋಡಿದ. ನಾನು ಕಾಕಾನನ್ನು ನೋಡಿದೆ. ಮುದುಕ ನಿಧಾನವಾಗಿ ಲೇಖನಿ ಒರೆಸಿ ಕೆಳಗಿಟ್ಟ.

“ಬರಿ ಅಂದ್ರ ಬರೀತೀನ್ರೀ ಸಾಹುಕಾರ್ರ. ಆದ್ರ ಈ ಅರ್ಜಿ ಓದಿದವರು ಅವಲಕ್ಕಿಯವರ ಮನೀಗೆ ಹೋಗೂದಿಲ್ಲ, ಮೊದಲು ನಿಮ್ಮ ಮನೀಗೇ ಬರ್ತಾರ. ಅವರಿಗೆ ಹಾದಿ ತೋರ್ಸಿದ್ದಕ್ಕ ನನಗ ಫೀಜು ಬ್ಯಾರೆ ಕೊಡ್ತೀರಿ.” ಆಮೇಲೆ ನನ್ನ ಕಡೆ ತಿರುಗಿ, “ಹುಡುಗಿ ಶಾಣ್ಯಾಕಿ ಕಾಣ್ತಾಳ. ಮನೀಗೆ ಕರಕೊಂಡು ಹೋಗವಾ ಇವರನ್ನ” ಎಂದ.

ಹಿಂದಕ್ಕೆ ಬರುವಾಗ ಏರುಗಳಲ್ಲಿ ಕಾಕಾ ಗೊಣಗದೆ ಮೋಟಾರು ತಳ್ಳಿದ. ನನಗೆ ಮೊದಲ ಸಲ ಒಳಗೆ ಏನೋ ಹಗುರಾಯಿತು. ಕಚೇರಿಯ ದಾರಿಯನ್ನು ಮುಚ್ಚಿದ್ದು ನಮ್ಮದೇ ಸುಳ್ಳು. ಮುಚ್ಚಿದ್ದು ಒಳ್ಳೆಯದೇ ಆಯಿತು. ಆ ದಾರಿಯಲ್ಲಿ ಹೋಗಿದ್ದರೆ ಓದು ಬಾರದ ಹೆಣ್ಣುಮಗಳೊಬ್ಬಳು ತನಗೆ ತಿಳಿಯದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಾಗುತ್ತಿತ್ತು.

ಆದರೆ ಕೀಲಿಕೈ ಉಡಿದಾರದಲ್ಲೇ ಇತ್ತು. ಕಾಕಾ ಈಗ ಓಣಿಯ ಹಿರಿಯರನ್ನು ಕೂಡಿಸಿದ. ಮೂವರು ಬಂದು ಪಡಸಾಲೆಯ ಜಮಖಾನೆಯ ಮೇಲೆ ಕುಳಿತರು. ಗಂಡ ಊರಲ್ಲಿಲ್ಲ, ಆದ್ದರಿಂದ ನಿರ್ಧಾರ ಸುಲಭವೆಂದು ಅವರಿಗೆ ಅನಿಸಿರಬೇಕು. ಅವಲಕ್ಕಿ ಅಕ್ಕ ಬಾಗಿಲ ಮರೆಯಲ್ಲಿ ನಿಂತಿದ್ದಳು. ಒಬ್ಬ ಹಿರಿಯ, ಸಾಮಾನು ಮಾರಿ ಮುರಿದುಕೊಳ್ಳಿ ಎಂದ. ಇನ್ನೊಬ್ಬ, ಮನೆ ಬಿಡಿಸಿ ಕಳಿಸಿಬಿಡಿ, ಪೀಡೆ ಹೋಗುತ್ತದೆ ಎಂದ. ಮೂರನೆಯವನು ಕಿರಾಣಿ ಅಂಗಡಿಯವನು, ಮಾತಿನ ಚಪಲದವನು. “ಆಕಿ ಅವಲಕ್ಕಿ ತಿಂದವರು ನಾವೆಲ್ಲಾ. ಹಂಗಾರ ಈ ತಪ್ಪಿನ್ಯಾಗ ನಾವೂ ಪಾಲುದಾರ್ರ ಆದಿವಿ” ಎಂದು ತಾನೇ ನಕ್ಕ. ಬೇರೆ ಯಾರೂ ನಗಲಿಲ್ಲ.

“ಆಕೀನೂ ಒಂದು ಮಾತು ಹೇಳಲಿ” ಎಂದೆ ನಾನು.

“ಹೆಣ್ಣುಮಕ್ಕಳು ಯಾಕ ನಡುವ?” ಎಂದ ಮೊದಲನೆಯ ಹಿರಿಯ.

“ಮನಿ ಹೆಣ್ಣುಮಗಳದು, ಹಂಡಿ ಹೆಣ್ಣುಮಗಳದು. ನಡುವ ಬಂದವರು ನೀವ” ಎಂದುಬಿಟ್ಟೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅದು ನಾಚಿಕೆಯೋ ನಗುವೋ ಇಂದಿಗೂ ತಿಳಿಯದು.

ಅವಲಕ್ಕಿ ಅಕ್ಕ ಮರೆಯಿಂದ ಒಂದು ಹೆಜ್ಜೆ ಮುಂದೆ ಬಂದಳು.

“ನಾನು ಕೆಡಿಸೀನಿ ಅಂತೀರಿ. ಆಗ್ಲಿರಿ. ಕಲ್ಲು ಒಡದಿದ್ದು ಖರೆ. ಆದ್ರ ಜೋಳ ಕೆಟ್ಟಿದ್ದು ಯಾರರ ಕಣ್ಣಿಲೆ ನೋಡೀರೇನ್ರಿ? ತಗದು ನೋಡೀರಾ? ನೋಡಲಾರದ ಜೋಳಕ್ಕ ನನ್ನ ಹಂಡಿ ಯಾಕ್ರೀ ಒಳಗ ಹೋತು?”

ಹದಿನಾರು ದಿನವಾಗಿತ್ತು, ಯಾರೂ ಹಗೇವಿನ ಬಾಯಿ ತೆರೆದಿರಲಿಲ್ಲ. ತೆರೆದರೆ ಪೂರ್ತಿ ತೋಡಬೇಕು, ತೋಡಿದರೆ ಜೋಳ ಅಂಗಳದಲ್ಲಿ ಗುಡ್ಡೆ ಬೀಳಬೇಕು, ಗುಡ್ಡೆ ಬಿದ್ದರೆ ಲೇವಿ ಅಳೆಸಿಕೊಳ್ಳುವ ಪಟವಾರಿಗೆ ಕಾಣಬೇಕು. ನಷ್ಟವನ್ನು ಅಳೆಯುವ ಧೈರ್ಯ ನಮಗಿರಲಿಲ್ಲ. ವಸೂಲಿ ಮಾಡುವ ಧೈರ್ಯ ಮಾತ್ರ ಇತ್ತು.

“ಆಕೀಗೆ ಅದು ಹಗೇವು ಅಂತ ಗೊತ್ತಿರಲಿಲ್ಲ” ಎಂದೆ. “ಗೊತ್ತಾಗಬಾರದು ಅಂತ ನಾವ ಮುಚ್ಚಿದ್ವಿ. ಸಾರಿಸಿದಾಕಿ ನಾನು. ಆ ರಂಗೋಲಿ ನಂದು.”

ಕಾಕಾ ನನ್ನನ್ನು ನೋಡಿದ ನೋಟ ನೆನಪಿದೆ. ಸಿಟ್ಟಿಗಿಂತ ಹೆಚ್ಚಾಗಿ, ಹೊರೆ ಹೊತ್ತವನೊಬ್ಬ ಕೊನೆಗೂ ಯಾರೋ ಕೈ ಹಚ್ಚಿದರು ಎಂದು ನೋಡುವ ನೋಟ ಅದು.

ಅತ್ತೆ ಆಗ ಮಾತಾಡಿದಳು. “ತೆಗೀರಿ ಬಾಯಿ.”

“ಅಕ್ಕಾ, ಪಟವಾರಿ...”

“ಪಟವಾರಿಗೆ ಕೊಡೂದು ಕೊಡ್ತೀನಿ. ನನ್ನ ಅಂಗಳದಾಗ ನಾನ ಎಷ್ಟು ದಿನ ತುದಿಗಾಲಿಲೆ ಅಡ್ಡಾಡ್ಲೋ? ಚೈತ್ರದಿಂದ ನನಗ ಸರಿಯಾಗಿ ಉಂಡದ್ದು ನೆನಪಿಲ್ಲ. ತೆಗಿ.”

ಹಗೇವು ಇಳಿಯುವುದರಲ್ಲಿ ನುರಿತ ಒಬ್ಬ ಮನುಷ್ಯನಿಗೆ ಹೇಳಿಕಳಿಸಿದರು. ಮರುದಿನ ಬಿಸಿಲೇರಿದ ಮೇಲೆ ಅವನು ಬಂದು ಒರಳನ್ನು ಸರಿಸಿ, ಸೀಳಿದ ಕಲ್ಲನ್ನು ಹಾರೆಯಿಂದ ಮೀಟಿ ತೆಗೆದ. ಕಲ್ಲು ಎರಡು ಹೋಳಾಗಿತ್ತು. ಹೋಳುಗಳು ಒಂದನ್ನೊಂದು ಬೆರಳ ಅಗಲದಷ್ಟೇ ಕಚ್ಚಿ ನಿಂತಿದ್ದವು. ಅವನು ಒಂದು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟ. ಬಾಯಿಯ ಕೆಳಗೆ ಒಂದು ಮೊಳ ಇಳಿಯುವಷ್ಟರಲ್ಲಿ ದೀಪ ಸಣ್ಣಗಾಗಿ ಆರಿಹೋಯಿತು.

“ಇವತ್ತು ಇಳಿಯೂದಿಲ್ರಿ” ಎಂದ. “ದೀಪ ಉಸಿರಾಡಿದ್ರ ನಾನೂ ಉಸಿರಾಡ್ತೀನಿ. ಅದಕ್ಕ ಆಗಲಿಲ್ಲಂದ್ರ ನನಗೂ ಆಗೂದಿಲ್ಲ.”

ಸಿದ್ದಾಪುರದಿಂದ ಬರಿಗೈಯಲ್ಲಿ ಆಗತಾನೇ ಬಂದಿಳಿದಿದ್ದ ಗಂಡ ಆ ಆರಿದ ಕಂದೀಲನ್ನು ನೋಡಿದ, ಹೆಂಡತಿ ಕುಟ್ಟುತ್ತಿದ್ದ ಜಾಗವನ್ನು ನೋಡಿದ, ಅವಳ ಪಕ್ಕದಲ್ಲಿ ಹೋಗಿ ನಿಂತ. ಆಗ ನನಗೂ ಅರ್ಥವಾಯಿತು. ಬೆರಳಗಲದ ಆ ಕಚ್ಚು ತಪ್ಪಿದ್ದರೆ ಅವಳು ಒರಳಿನ ಸಮೇತ ಆ ಉಸಿರಿಲ್ಲದ ಕತ್ತಲೊಳಗೆ ಹೋಗುತ್ತಿದ್ದಳು. ನಾವು ಜೋಳವನ್ನು ಮಾತ್ರ ಮುಚ್ಚಿಟ್ಟಿರಲಿಲ್ಲ. ಮನೆಯೊಳಗೆ ಕರೆದ ಮನುಷ್ಯರ ಕಾಲ ಕೆಳಗೆ ಒಂದು ಸಾವನ್ನು ಚೊಕ್ಕಟವಾಗಿ ಸಾರಿಸಿ ಇಟ್ಟಿದ್ದೆವು. ಅದು ಆಗಲಿಲ್ಲ. ಇಂದಿಗೂ ಒಲೆಯ ಮುಂದೆಯೋ ಹಾದಿಯಲ್ಲೋ ಅದು ಥಟ್ಟನೆ ನೆನಪಾಗಿ, ಆಗಲಿಲ್ಲವಲ್ಲ ಎಂದು ಎದೆ ತುಂಬ ಉಸಿರು ಬಿಡುತ್ತೇನೆ.

ಮರುದಿನ ಮಧ್ಯಾಹ್ನ ಕಂದೀಲು ಆರಲಿಲ್ಲ. ಅವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಹಗ್ಗದ ಇನ್ನೊಂದು ತುದಿಯನ್ನು ಕಾಕಾ ಮತ್ತು ಅವಲಕ್ಕಿ ಅಕ್ಕನ ಗಂಡ ಒಟ್ಟಿಗೆ ಹಿಡಿದರು. ಮೊದಲ ಪುಟ್ಟಿಯಲ್ಲಿ ಬಂದದ್ದು ಕರ್ರಗಿನ ಹೆಂಟೆ, ಮೂಗು ಮುಚ್ಚುವಂಥದ್ದು. ಎರಡನೆಯದೂ ಹಾಗೆಯೇ. ಅತ್ತೆ ಕಂಬಕ್ಕೆ ಒರಗಿದಳು. ಮೂರನೆಯದು ಕಂದು ಬಣ್ಣ. ಆಮೇಲೆ ಒಳಗಿನಿಂದ ಒಂದು ಕೂಗು ಬಂತು.

“ತಾಯೀ, ಉಡಿ ಒಡ್ರಿ! ಮುತ್ತು ಅದಾವು!”

ನಾಲ್ಕನೆಯ ಪುಟ್ಟಿಯಲ್ಲಿ ಬಂದದ್ದು ಜೋಳ. ಬಿಳಿಯ, ಒಣಗಿದ, ಬೆರಳಲ್ಲಿ ಸಳಸಳನೆ ಜಾರುವ ಜೋಳ. ಅತ್ತೆ ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿದಳು. ‘ಕಟ್’ ಎಂಬ ಸಣ್ಣ ಸದ್ದಿಗೆ ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಮೇಲಿನ ಒಂದು ಗೇಣು ಕೆಟ್ಟು, ಕೊಳೆತು, ತಾನೇ ಗಟ್ಟಿ ಹೆಪ್ಪಾಗಿ, ಕೆಳಗಿನದಕ್ಕೆ ನೀರು ಇಳಿಯಗೊಡದೆ ಕಾದಿತ್ತು. ಹದಿನೆಂಟು ದಿನ ನಾವು ಒಂದು ಹಗೇವಿನ ನಷ್ಟಕ್ಕೆಂದು ಹಂಡೆಯನ್ನು ಹಿಡಿದಿಟ್ಟುಕೊಂಡಿದ್ದೆವು. ಆದ ನಷ್ಟ ಮೂರು ಪುಟ್ಟಿ.

ಕಾಕಾ ಯಾರಿಗೂ ಹೇಳಿಸಿಕೊಳ್ಳಲಿಲ್ಲ. ಉಡಿದಾರದ ಕೀಲಿ ಬಿಚ್ಚಿ, ಕೋಣೆ ತೆಗೆದು, ಹಂಡೆಯನ್ನು ತಾನೇ ಹೊತ್ತುತಂದು ಅವಳ ಮುಂದೆ ಇಟ್ಟ. ಅವಳು ಮುಟ್ಟಲಿಲ್ಲ.

“ತಡೀರಿ ಯಜಮಾನ್ರ. ತೂತು ಬಿದ್ದಿಲ್ಲಲ್ಲರೀ ನನ್ನ ಹಂಡಿಗೆ? ನಾನು ನೋಡೇ ಇಸಗೊಳ್ಳಾಕಿ.”

ಎರಡು ಕೊಡ ನೀರು ತಂದು ಹಂಡೆಗೆ ಸುರಿದು, ಸುತ್ತಲೂ ನಡೆದು, ತಳವನ್ನು ಬೆರಳಿನಿಂದ ಸವರಿ ನೋಡಿದಳು. ಅಷ್ಟು ಹೊತ್ತೂ ಕಾಕಾ ಪೇಟ ಸರಿಮಾಡಿಕೊಳ್ಳುತ್ತ, ತೀರ್ಪಿಗೆ ಕಾದವನಂತೆ ನಿಂತಿದ್ದ. “ಛಲೋ ಐತಿ” ಎಂದಳು ಕೊನೆಗೆ. ಅತ್ತೆ ಜೋರಾಗಿ ನಕ್ಕಳು. ಆ ಮನೆಯಲ್ಲಿ ಅಂಥ ನಗುವನ್ನು ನಾನು ಕೇಳಿ ಬಹಳ ದಿನವಾಗಿತ್ತು.

ನಷ್ಟವನ್ನು ಹಂಚಿಕೊಂಡದ್ದು ಅಂದೇ, ಜೋಳದ ಗುಡ್ಡೆಯ ಪಕ್ಕದಲ್ಲಿ, ಹಿರಿಯರಿಲ್ಲದೆ. ಅತ್ತೆ ಹೇಳಿದಳು, “ಹೇಳದ ತಪ್ಪು ನಂದು, ಕಲ್ಲು ನಾನು ಹಾಕಸ್ತೀನಿ. ಕೇಳದ ತಪ್ಪು ನಿಮ್ದು, ಮಣ್ಣಿನ ಕೆಲಸ ನೀವು ಮಾಡ್ರಿ.” ಗಂಡಹೆಂಡತಿ ಎರಡು ದಿನ ಜೋಳ ಹರವಿ ಒಣಗಿಸಿದರು, ಹಗೇವಿನ ಒಳಗೋಡೆ ಸರಿಪಡಿಸಿದರು, ಕಾಲುವೆಯನ್ನು ಮುಚ್ಚಿ ಒರಳನ್ನು ಹಿತ್ತಲಿಗೆ ಒಯ್ದರು. ಮೂರನೆಯ ದಿನ ಪಟವಾರಿ ಬಂದ. ಅತ್ತೆ ತಾನೇ ಎದುರು ಹೋಗಿ ಜೋಳ ತೋರಿಸಿದಳು. ಅವನು ಸರಕಾರದ ಪಾಲು ಅಳೆಸಿಕೊಂಡು ಪಾವತಿ ಬರೆದುಕೊಟ್ಟ. ಉಳಿದದ್ದು ಅತ್ತೆಗೂ ನನಗೂ ಸಾಕಷ್ಟಾಗಿ ಮಿಕ್ಕಿತು. ಆ ಪಾವತಿಯನ್ನು ಅತ್ತೆ ದೇವರ ಜಗಲಿಯ ಮೇಲೆ ಇಟ್ಟಳು. ಅಂದು ಅವಳು ಎರಡು ರೊಟ್ಟಿ ಹೆಚ್ಚು ಉಂಡಳು.

ಹೊಸ ಕಲ್ಲು ಕೂತ ಮೇಲೆ ಅದರ ಸುತ್ತ ನಾನು ಕೆಮ್ಮಣ್ಣಿನ ದಪ್ಪ ಪಟ್ಟೆ ಬಳಿದೆ. ಅವಲಕ್ಕಿ ಅಕ್ಕ ಅದನ್ನು ನೋಡಿ, “ಈಗ ಕುರುಡರಿಗೂ ಕಾಣ್ತೈತಿ ಬಿಡವ್ವ” ಎಂದಳು. ಅವರು ಆ ಮನೆಯಲ್ಲಿ ಇನ್ನೂ ಮೂರು ವರ್ಷ ಇದ್ದರು.

ಆದರೆ ಎಲ್ಲ ಓಣಿಗಳಲ್ಲಿಯೂ ಹಗೇವು ತೆರೆಯಿರಿ ಎನ್ನುವ ಅತ್ತೆ ಇರುವುದಿಲ್ಲ, ಮತ್ತು ಹದಿನಾರು ದಿನ ಗಡಿಗೆಯ ನುಚ್ಚು ಉಂಡೂ ಬಾಯಿ ತೆರೆದು ಕೇಳುವ ಗಟ್ಟಿಗಿತ್ತಿಯೂ ಇರುವುದಿಲ್ಲ. ಆದ್ದರಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮನೆಯೊಡೆಯರೇ, ಮನೆಯೊಡತಿಯರ ಹೆಸರಿನಲ್ಲಿ ಕೀಲಿಕೈ ಕಟ್ಟಿಕೊಂಡು ತಿರುಗುವ ತಮ್ಮಂದಿರೇ, ಮೈದುನರೇ, ನಿಮ್ಮನ್ನು ಕೇಳುತ್ತಿದ್ದೇನೆ. ಬಾಡಿಗೆಯವರಿಗೆ ಕೀಲಿಕೈ ಕೊಡುವ ಮೊದಲು ಅವರನ್ನು ಕರೆದುಕೊಂಡು ಹೋಗಿ ಹಗೇವಿನ ಬಾಯಿ ತೋರಿಸಿ. ಹಾನಿಯಾಯಿತೆಂದು ಅನಿಸಿದಾಗ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲ್ಲು ಸರಿಸಿ, ಕೆಟ್ಟದ್ದು ಎಷ್ಟೆಂದು ಇಬ್ಬರೂ ಕಣ್ಣಾರೆ ನೋಡಿ. ಮತ್ತು ಈ ಹೊತ್ತು ನಿಮ್ಮ ಕೋಣೆಯಲ್ಲಿ ಯಾರದಾದರೂ ಹಂಡೆ ಬೀಗದೊಳಗೆ ಇದ್ದರೆ, ಹೊತ್ತು ಮುಳುಗುವ ಮೊದಲು ಅದನ್ನು ನೀವೇ ಹೊತ್ತುಕೊಂಡು ಹೋಗಿ ಅವರ ಒಲೆಯ ಮೇಲೆ ಇಡಿ. ಅವರು ನೀರು ಸುರಿದು ಪರೀಕ್ಷಿಸಿ ಮುಗಿಸುವವರೆಗೆ ಅಲ್ಲಿಯೇ ನಿಂತಿರಿ.